ದಾರಿಯಾಚೆಯ ಲೆಟ್ಯೂಸ್

ಲೆಟ್ಯೂಸ್ ಎಂಬ ಸೊಪ್ಪಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಒಗ್ಗರಣೆಗೆ ಹಾಕಿದರೆ ನೀರಾಗಿ ಹೋಗುತ್ತದೆ, ಹಸಿಯಾಗಿ ತಿಂದರೆ ದನದ ಪಾಲನ್ನು ನಾವು ತಿಂದಂತಾಗುತ್ತದೆ. ಆದರೂ ಆ ಚಳಿಗಾಲವಿಡೀ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ನನಗೆ ನೆನಪಾಗುತ್ತಿದ್ದುದು ಅದೇ. ಅದೂ ನನ್ನ ಲೆಟ್ಯೂಸ್ ಅಲ್ಲ, ದಾರಿಯಾಚೆ ಇನ್ನೊಬ್ಬರು ಬೆಳೆಸುತ್ತಿದ್ದ ಲೆಟ್ಯೂಸ್.

ವಡೋದರಾದ ಹೊರವಲಯದಲ್ಲಿರುವ ನಮ್ಮ ತರಕಾರಿ ಸಂಶೋಧನಾ ಕೇಂದ್ರಕ್ಕೆ ಆ ವರ್ಷ ಒಂದು ಹೊಸ ಕೆಲಸ ಬಂದಿತ್ತು. ಅಹಮದಾಬಾದಿನ ಬೋಡಕ್‌ದೇವ್ ಕಡೆಯ ಹೋಟೆಲುಗಳು, ಕೆಫೆಗಳು ಸಲಾಡಿಗೆಂದು ಲೆಟ್ಯೂಸ್ ಕೇಳುತ್ತಿದ್ದವು. ಸೂರತ್ ಕಡೆಯಿಂದಲೂ ಬೇಡಿಕೆ ಇತ್ತು. ಸುತ್ತಲಿನ ರೈತರು ಬೆಳೆಯಲು ಸಿದ್ಧರಿದ್ದರು, ಆದರೆ ಅದಕ್ಕೆ ಏನು ಉಣಿಸಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ನಮಗೂ ಗೊತ್ತಿರಲಿಲ್ಲ. ಈ ನೆಲಕ್ಕೆ ಕೊಟ್ಟಿಗೆ ಗೊಬ್ಬರ ಒಂದೇ ಸಾಕೋ, ಸೂಪರ್ ಫಾಸ್ಫೇಟ್ ಕೊಡಬೇಕೋ, ಅಥವಾ ಎರಡೂ ಬೇಕೋ? ಇಷ್ಟನ್ನು ಒಂದು ಹಂಗಾಮಿನಲ್ಲಿ ಬೆಳೆದು ತೋರಿಸಬೇಕಿತ್ತು. ಪ್ರಯೋಗವನ್ನು ಇಬ್ಬರಿಗೆ ಹಂಚಿದ ನಮ್ಮ ಮುಖ್ಯಸ್ಥರು ಕೊನೆಯಲ್ಲಿ ಒಂದು ಮಾತು ಸೇರಿಸಿದರು. ಮುಂದಿನ ವರ್ಷದಿಂದ ಸಲಾಡ್ ಸೊಪ್ಪುಗಳಿಗೆಂದೇ ಪ್ರತ್ಯೇಕ ವಿಭಾಗವಾಗಲಿದೆ, ನಿಮ್ಮಿಬ್ಬರಲ್ಲಿ ಒಬ್ಬರಿಗೆ ಅದರ ಹೊಣೆ.

ಅದು ನನಗೆ ಬೇಕಿತ್ತು. ಹಾಗೆಂದು ಯಾರಿಗೂ ಹೇಳಿಕೊಂಡಿರಲಿಲ್ಲ, ಗಂಡನಿಗೆ ಮಾತ್ರ ಬೆಳಿಗ್ಗೆ ಸಂಜೆ ಹೇಳುತ್ತಿದ್ದೆ.

ಇನ್ನೊಬ್ಬರು ತುಮಕೂರಿನವರು. ಸೂರತ್ತಿನಿಂದ ವರ್ಗವಾಗಿ ನಮ್ಮಲ್ಲಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಯ ಉಧ್ನಾದಲ್ಲಿ ಮನೆ ಮಾಡಿಕೊಂಡಿದ್ದಾಗ ಕಲಿತ ಗುಜರಾತಿಯನ್ನು ಅಲ್ಲೇ ಹುಟ್ಟಿದವರಂತೆ ಆಡುತ್ತಿದ್ದರು. ನಾನು ಧಾರವಾಡದ ಕಡೆಯವಳು, ಅವರಿಗಿಂತ ಎಷ್ಟೋ ಮೊದಲೇ ಈ ಊರಿಗೆ ಬಂದವಳು, ಈಗಲೂ ತರಕಾರಿಯವನ ಹತ್ತಿರ ಹಿಂದಿಯಲ್ಲೇ ಚೌಕಾಶಿ ಮಾಡುತ್ತೇನೆ. ಅವರು ಎಲ್ಲರ ಜೊತೆಗೂ ನಗುತ್ತಿದ್ದರು. ನಗುವವರನ್ನು ಕಂಡರೆ ನನಗೆ, ಇವರಿಗೆ ನನಗೆ ಗೊತ್ತಿಲ್ಲದ್ದೇನೋ ಗೊತ್ತಿರಬೇಕು ಎಂಬ ಅನುಮಾನ.

ನಮಗೆ ಕೊಟ್ಟ ಹೊಲದ ನಡುವೆ ಗಾಡಿ ಹೋಗುವ ದಾರಿ ಇತ್ತು. ದಾರಿಯ ಆಚೆಗೊಂದು ತಾಕು, ಈಚೆಗೊಂದು ತಾಕು. ಯಾರಿಗೆ ಯಾವುದು ಎಂಬಲ್ಲಿಂದಲೇ ತಕರಾರು ಶುರುವಾಯಿತು. ತಕರಾರೆಂದರೆ ಜಗಳವಲ್ಲ, ಅದಕ್ಕಿಂತ ಕೆಟ್ಟದ್ದು.

“ನೀವು ಮೊದ್ಲು ಆರಿಸ್ಕೊಳಿ ಮೇಡಂ, ನೀವು ದೊಡ್ಡೋರು.”

“ಛೇ ಛೇ, ನೀವು ಹೊಸದಾಗಿ ಬಂದೀರಿ, ನೀವ ಆರಿಸ್ಕೋರಿ.”

“ಅದೆಂಗಾಗುತ್ತೆ ಮೇಡಂ.”

“ಹಂಗ ಆಗ್ತದರಿ, ನೀವು ತಗೋರಿ.”

ಮಗಳ ಮದುವೆಯ ಬೀಗರು ಬಾಗಿಲಲ್ಲಿ ನಿಂತು ‘ನೀವು ಮೊದಲು, ನೀವು ಮೊದಲು’ ಎನ್ನುವ ಹಾಗೆ ನಾವಿಬ್ಬರೂ ಬಿಸಿಲಲ್ಲಿ ನಿಂತಿದ್ದೆವು. ನೀರು ಬಿಡಲು ಬಂದಿದ್ದ ಕೆಲಸದ ಹೆಂಗಸರು ಗುದ್ದಲಿ ಊರಿಕೊಂಡು ನೋಡುತ್ತಿದ್ದರು. ಕೊನೆಗೆ ತುಮಕೂರಿನವರು ಆಚೆ ಬದಿಗೆ, ನಾನು ಈಚೆ ಬದಿಗೆ ಎಂದಾಯಿತು. ಒಳ್ಳೆಯ ನೆಲವನ್ನು ತಾವೇ ಹೊಡೆದುಕೊಂಡರು ಎಂಬ ಮಾತು ಯಾರ ಮೇಲೂ ಬರಬಾರದೆಂದು ಮಣ್ಣು ಪರೀಕ್ಷೆಯನ್ನೂ ಒಟ್ಟಿಗೇ ಮಾಡಿಸಿದೆವು. ಎರಡೂ ತಾಕಿನ ಅಲ್ಲಲ್ಲಿಂದ ಮಣ್ಣು ತೆಗೆದು, ಒಂದೇ ಬಕೆಟ್ಟಿಗೆ ಹಾಕಿ, ಚೆನ್ನಾಗಿ ಕಲಸಿ, ಅದರಿಂದ ಒಂದು ಹಿಡಿ ಪ್ರಯೋಗಾಲಯಕ್ಕೆ ಕಳಿಸಿದೆವು. ರಂಜಕ, ಅಂದರೆ ಫಾಸ್ಫರಸ್, ಮಧ್ಯಮ ಪ್ರಮಾಣದಲ್ಲಿದೆ ಎಂದು ಉತ್ತರ ಬಂತು. ನಾವಿಬ್ಬರೂ ನಮ್ಮ ದೊಡ್ಡತನವನ್ನು ನಾವೇ ಮೆಚ್ಚಿಕೊಂಡೆವು. ಓದಿದವರು ಇಬ್ಬರು ಸಂಕೋಚಕ್ಕೆ ಬಿದ್ದರೆ ಎಂಥ ಕೆಲಸವಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಪ್ರತಿ ತಾಕಿನಲ್ಲೂ ನಾಲ್ಕು ಬಗೆಯ ಮಡಿಗಳಿದ್ದವು. ಏನೂ ಹಾಕದ ಬರಿ ಮಡಿ, ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದ್ದು, ಸೂಪರ್ ಫಾಸ್ಫೇಟ್ ಮಾತ್ರ ಹಾಕಿದ್ದು, ಎರಡನ್ನೂ ಹಾಕಿದ್ದು. ಸಾರಜನಕ, ನೀರು, ಕಳೆ ತೆಗೆಯುವುದು ಎಲ್ಲಕ್ಕೂ ಒಂದೇ ಸಮ. ನಾಲ್ಕು ಬಗೆಯೂ ಇಬ್ಬರ ತಾಕಿನಲ್ಲೂ ಇರುವುದರಿಂದ ಹೋಲಿಸಬೇಕಾದ್ದು ಮಡಿಗೆ ಮಡಿಯನ್ನು, ಮನುಷ್ಯರಿಗೆ ಮನುಷ್ಯರನ್ನಲ್ಲ. ಇದನ್ನು ನಾನೇ ಎಷ್ಟೋ ಜನ ತರಬೇತಿಯವರಿಗೆ ಪಾಠ ಹೇಳಿದ್ದೇನೆ.

ಬೀಜದಲ್ಲೇ ಮೊದಲ ಪೆಟ್ಟು ಬಿತ್ತು. ಲೆಟ್ಯೂಸ್ ಬೀಜ ಸೆಕೆಯಲ್ಲಿ ಮೊಳೆಯುವುದಿಲ್ಲ, ನಿದ್ದೆ ಹೋಗಿಬಿಡುತ್ತದೆ. ಅಕ್ಟೋಬರಿನ ವಡೋದರಾದಲ್ಲಿ ಸೆಕೆಗೇನೂ ಬರವಿಲ್ಲ. ನನ್ನ ಮೊದಲ ಟ್ರೇಗಳಲ್ಲಿ ಒಂದೆರಡು ಕಡೆ ಬಿಟ್ಟರೆ ಬರಿ ತೆಂಗಿನ ನಾರಿನ ಪುಡಿಯೇ ಕಾಣುತ್ತಿತ್ತು. ಮತ್ತೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮನೆಯ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಬ್ಯಾಂಕಿನಿಂದ ಬಂದ ಗಂಡ ಅದನ್ನು ಬಿಚ್ಚಿ ನೋಡಿ, ಸಾಸಿವೆ ಕೆಟ್ಟಿದೆ ಎಂದು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದರು.

“ಮುಟ್ಟಬ್ಯಾಡ್ರೀ! ನನ್ನ ವಿಭಾಗ ಅದು!”

“ವಿಭಾಗ ಇಷ್ಟ ಸಣ್ಣದಿರ್ತದಂತ ನನಗೇನು ಗೊತ್ತು,” ಎಂದು ಅವರು ಗಂಟನ್ನು ಮತ್ತೆ ಕಟ್ಟಿಟ್ಟರು.

ತುಮಕೂರಿನವರ ಬೀಜ ಮೊದಲ ಸಲಕ್ಕೇ ಮೊಳೆತಿತ್ತು. ಅವರು ಟ್ರೇಗಳನ್ನು ನೀರಿನ ತೊಟ್ಟಿಯ ಹಿಂದಿನ ನೆರಳಿನಲ್ಲಿಟ್ಟು ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದರಂತೆ. “ಸುಮ್ನೆ ಹೊದಿಸ್ದೆ ಮೇಡಂ, ಬಂತು,” ಎಂದರು. ಆ ‘ಸುಮ್ನೆ’ ಎಂಬ ಮಾತೇ ನನಗೆ ಆಗುವುದಿಲ್ಲ. ನಾನು ಜೀವನದಲ್ಲಿ ಏನನ್ನೂ ಸುಮ್ಮನೆ ಮಾಡಿದವಳಲ್ಲ. ಬದಲಿ ಸಸಿಗಳು ಸಿದ್ಧವಾಗುವವರೆಗೆ ಅವರೂ ಕಾದರು, ಇಬ್ಬರ ನಾಟಿಯೂ ಒಟ್ಟಿಗೇ ಆಗಲಿ ಎಂದು. ಆ ಒಳ್ಳೆಯತನವನ್ನೂ ನಾನು ಮನಸ್ಸಿನಲ್ಲಿ ಅವರ ಖಾತೆಗೇ ಬರೆದೆ, ಅಪರಾಧದ ಕಡೆಗೆ.

ಗೊಬ್ಬರದ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಗುಂಡಿಯಿಂದ ಬಂದ ಮೊದಲ ಗಾಡಿಯಲ್ಲಿ ಸಗಣಿ ಇನ್ನೂ ಹಸಿಯಾಗಿತ್ತು. ಕೈಯಲ್ಲಿ ಹಿಡಿದರೆ ಬಿಸಿ, ಮೂಗಿಗೆ ಖಾರ. ಎಳೆ ಸಸಿಯ ಬೇರಿಗೆ ಅದು ತಾಕಿದರೆ ಸುಟ್ಟುಹೋಗುತ್ತದೆ. ಹಿಂದಕ್ಕೆ ಕಳಿಸಿ, ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಹಳೆಯ ಗೊಬ್ಬರವನ್ನೇ ತರಿಸಿದೆ. ಎರಡೂ ಹಾಕುವ ಮಡಿಗಳಿಗೆ ಸೂಪರ್ ಫಾಸ್ಫೇಟನ್ನು ಬೇರೆ ಎರಚದೆ, ಗೊಬ್ಬರದ ಜೊತೆ ಕಲಸಿ, ಒದ್ದೆ ಗೋಣಿ ಮುಚ್ಚಿ ಕೆಲವು ದಿನ ಇಟ್ಟು, ಆಮೇಲೆ ಸಾಲಿನಲ್ಲಿ ಬೇರಿನ ಕೆಳಗೆ ಬೀಳುವಂತೆ ಹಾಕಿದೆವು. ಇಲ್ಲಿಯ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಬರಿದೇ ಎರಚಿದ ರಂಜಕವನ್ನು ಬೇರು ತಲುಪುವ ಮೊದಲೇ ಸುಣ್ಣ ಹಿಡಿದಿಟ್ಟುಕೊಳ್ಳುತ್ತದೆ. ಗೊಬ್ಬರದೊಳಗೆ ಅಡಗಿ ಕೂತರೆ ಅದಕ್ಕೆ ಸ್ವಲ್ಪ ರಕ್ಷಣೆ. ಈ ಉಪಾಯ ನನ್ನದೇ. ತುಮಕೂರಿನವರು ತಕ್ಷಣ ಒಪ್ಪಿ ತಮ್ಮ ಮಡಿಗಳಿಗೂ ಹಾಗೇ ಮಾಡಿದರು. ಒಪ್ಪದಿದ್ದರೆ ಚೆನ್ನಾಗಿತ್ತು.

ನಾಟಿಯಾಗಿ ಬೇರು ಹಿಡಿಯುವವರೆಗೆ ಎರಡೂ ಬದಿ ಒಂದೇ ಥರ ಇತ್ತು. ಡಿಸೆಂಬರಿನ ಚಳಿ ಬಿದ್ದದ್ದೇ ತಡ, ದಾರಿಯಾಚೆ ಎಲೆಗಳು ಹಿಗ್ಗತೊಡಗಿದವು. ಆ ಹಸಿರನ್ನು ಹೇಗೆ ಹೇಳುವುದು? ಹೊಸ ರೇಷ್ಮೆ ರವಿಕೆಯ ತೋಳಿನಂತೆ ನೆರಿಗೆ ನೆರಿಗೆಯಾಗಿ, ಇಬ್ಬನಿ ಹೊತ್ತುಕೊಂಡು ಕುಳಿತಿರುತ್ತಿದ್ದವು. ಅವರ ಎಲ್ಲ ಮಡಿಗಳೂ ಹಾಗೇ ಇದ್ದವು. ಏನೂ ಹಾಕದ ಬರಿ ಮಡಿ ಕೂಡ!

ನನ್ನ ಕಡೆ ನಾಲ್ಕು ಬಗೆಯ ಮಡಿಗೂ ನಾಲ್ಕು ಮುಖ. ಎರಡೂ ಹಾಕಿದ ಮಡಿಗಳು ಪರವಾಗಿಲ್ಲ ಎನ್ನುವಂತಿದ್ದವು. ಗೊಬ್ಬರ ಮಾತ್ರದವು ಸಾಧಾರಣ. ಫಾಸ್ಫೇಟ್ ಮಾತ್ರದವು ಅದಕ್ಕಿಂತ ತುಸು ಕೆಳಗೆ. ಬರಿ ಮಡಿಗಳಲ್ಲಿ ಗಿಡಗಳು ನೆಲಕ್ಕಂಟಿ, ಮಂಕು ಹಸಿರಿಗೆ ತಿರುಗಿ, ಎಲೆಯಂಚಿನಲ್ಲಿ ನೇರಳೆ ಬಣ್ಣ ಹಚ್ಚಿಕೊಂಡು ಕುಳಿತಿದ್ದವು, ಯಾರದೋ ಮನೆಗೆ ಕರೆಯದೆ ಬಂದ ನೆಂಟರ ಹಾಗೆ.

“ಮೇಡಂ, ನಿಮ್ದ್ಯಾಕೋ ಸ್ವಲ್ಪ ಮಂಕಾಗಿದ್ಯಲ್ಲ?” ತುಮಕೂರಿನವರು ದಾರಿಯಲ್ಲಿ ನಿಂತು ಕೇಳಿದರು.

“ಚಳಿಗಿರಬೇಕ್ರಿ.”

“ನಮ್ಕಡೀಗೂ ಅದೇ ಚಳಿನೇ ಅಲ್ವಾ?”

ಕಳೆ ಕೀಳುತ್ತಿದ್ದ ಹೆಂಗಸರ ಗುಂಪಿನಿಂದ ಕಿಸಿಕಿಸಿ ಕೇಳಿಸಿತು. ಇಲ್ಲಿ ಅಕ್ಕನಿಗೆ ಬೆನ್, ಅಣ್ಣನಿಗೆ ಭಾಯಿ ಎನ್ನುತ್ತಾರೆ. ಆ ಹೆಂಗಸರಲ್ಲಿ ಹಿರಿಯವಳು ನನಗೆ ಅರ್ಥವಾಗಲೆಂದು ಹಿಂದಿಯಲ್ಲೇ ಹೇಳಿದಳು, “ಬೆನ್, ಭಾಯಿ ತಮ್ಮ ಗಿಡಗಳ ಜೊತೆ ಮಾತಾಡ್ತಾರೆ. ನೀವು ನಿಮ್ಮ ಗಿಡಗಳನ್ನ ಬರೀ ದುರುಗುಟ್ಟಿ ನೋಡ್ತೀರಿ. ಅವೂ ಹೆದರಿಕೊಂಡಿವೆ.”

ಆ ದಿನದಿಂದ ನಾನು ನನ್ನ ಗಿಡಗಳನ್ನು ನೋಡುವುದನ್ನು ಬಿಟ್ಟು ಅವರ ಗಿಡಗಳನ್ನು ದುರುಗುಟ್ಟಿ ನೋಡತೊಡಗಿದೆ. ಅವೇನೂ ಹೆದರಲಿಲ್ಲ.

ಬರಿ ಮಡಿಯೂ ಅಷ್ಟು ಚೆನ್ನಾಗಿ ಬರಬೇಕಾದರೆ ಅದು ಬರಿ ಮಡಿಯಲ್ಲ ಎಂದು ನನಗೆ ಹೊಳೆಯಿತು. ಯಾರೂ ಇಲ್ಲದಾಗ ಈ ಮನುಷ್ಯ ಏನೋ ಎರಚುತ್ತಿದ್ದಾರೆ. ಇದನ್ನು ಊಟದ ಹೊತ್ತಿನಲ್ಲಿ ಗಂಡನ ಮುಂದೆ ಬಿಡಿಸಿಟ್ಟೆ.

“ನೋಡಿಯೇನು?”

“ಇಲ್ಲ.”

“ಯಾರರ ಹೇಳ್ಯಾರೇನು?”

“ಇಲ್ಲ. ಆದ್ರ ಇಲ್ಲದಿದ್ರ ಹೆಂಗ ಬರ್ತದರಿ?”

“ನಮ್ಮ ಬ್ಯಾಂಕಿನಾಗ ಇಷ್ಟರ ಮ್ಯಾಲೆ ತನಿಖೆ ಮಾಡಿದ್ರ ಮೊದ್ಲು ನಿನ್ನ ಸಸ್ಪೆಂಡ್ ಮಾಡ್ತಾರ ನೋಡು,” ಎಂದು ಅವರು ಮಜ್ಜಿಗೆ ಕೈಗೆತ್ತಿಕೊಂಡರು.

ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಗೆ, ಇಡೀ ಊರು ಮಾಳಿಗೆಗಳ ಮೇಲಿತ್ತು. ಆಕಾಶದ ತುಂಬ ಗಾಳಿಪಟ, ಎಲ್ಲೆಲ್ಲೂ ಪಟ ಕಡಿದವರ ‘ಕಾಯ್ಪೋ ಛೇ’ ಎಂಬ ಕೂಗು. ಗಂಡನನ್ನು ಹಬ್ಬದ ಉಂಧಿಯು ಪಲ್ಯ ತಿನ್ನಲು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನು ಮಣ್ಣು ತೆಗೆಯುವ ಕೊಳವೆ ಹಿಡಿದು ಹೊಲಕ್ಕೆ ಬಂದೆ. ಯಾರ ಮಾಳಿಗೆಯಿಂದಲೋ ಕಡಿದು ಬಂದ ಕೆಂಪು ಪಟವೊಂದು ನನ್ನ ಬರಿ ಮಡಿಯ ಮೇಲೆಯೇ ಬಿದ್ದಿತ್ತು. ಅದಾದರೂ ಆಚೆ ಬೀಳಬಾರದಿತ್ತೆ ಎನ್ನಿಸಿತು. ಆದರೆ ಪಟ ಎತ್ತಿದಾಗ ನನ್ನ ಗಿಡಗಳು ಅದರಡಿ ಪೂರ್ತಿ ಮುಚ್ಚಿಹೋಗಿದ್ದವು ಎಂಬುದು ಗಮನಕ್ಕೆ ಬಂದು ಮತ್ತಷ್ಟು ಸಂಕಟವಾಯಿತು. ಆಚೆಯ ಗಿಡಗಳಾಗಿದ್ದರೆ ಪಟವೇ ಅವುಗಳ ಮೇಲೆ ತೇಲುತ್ತಿತ್ತು.

ಅವರ ಬರಿ ಮಡಿಯಿಂದ ಮಣ್ಣು ತೆಗೆದೆ. ಮೇಲ್ಮಣ್ಣು ಒಂದು ಚೀಲಕ್ಕೆ, ಆಳದ ಮಣ್ಣು ಒಂದು ಚೀಲಕ್ಕೆ. ಮೇಲೆ ಎರಚಿದವರ ಕಳ್ಳತನ ಮೇಲೆಯೇ ಸಿಗುತ್ತದೆ, ಆಳಕ್ಕೆ ಇಳಿಯುವುದಿಲ್ಲ. ರಂಜಕ ಜಾಗ ಬಿಟ್ಟು ಕದಲುವ ಜಾತಿಯದಲ್ಲ. ನನ್ನ ಬರಿ ಮಡಿಯಿಂದಲೂ ಹಾಗೆಯೇ ತೆಗೆದುಕೊಂಡೆ.

ಹಬ್ಬ ಮುಗಿದು ಪ್ರಯೋಗಾಲಯ ತೆರೆದಾಗ ಪರೀಕ್ಷೆಯನ್ನು ನಾನೇ ಮಾಡಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಸೋಡಾ ದ್ರಾವಣದಲ್ಲಿ ಅಲುಗಾಡಿಸಿ, ಸೋಸಿ, ಆ ನೀರಿಗೆ ಬಣ್ಣ ತರುವ ರಾಸಾಯನಿಕ ಬೆರೆಸಬೇಕು. ರಂಜಕವಿದ್ದಷ್ಟು ನೀಲಿ ಏರುತ್ತದೆ. ನನ್ನ ಮಣ್ಣಿನ ನಳಿಕೆಯಲ್ಲಿ, ನೀಲಿ ಹಾಕಿದ ಪಂಚೆಯನ್ನು ಕೊನೆಯ ಸಲ ಜಾಲಿಸಿದ ನೀರಿನಲ್ಲಿ ಉಳಿಯುವಷ್ಟೇ ಬಣ್ಣ ಕಂಡಿತು. ಅವರ ಮೇಲ್ಮಣ್ಣಿನ ನಳಿಕೆ ನೋಡನೋಡುತ್ತ ಗಾಢವಾಯಿತು. ಸಿಕ್ಕಿಬಿದ್ದರು ಎಂದುಕೊಂಡೆ. ಅಷ್ಟರಲ್ಲಿ ಅವರ ಆಳದ ಮಣ್ಣಿನ ನಳಿಕೆಯೂ ಬಣ್ಣ ತಿರುಗಿತು. ಅದೂ ಅಷ್ಟೇ ಗಾಢ.

ಆಳದಲ್ಲಿ! ಒಂದು ಹಂಗಾಮಿನಲ್ಲಿ ಯಾರೂ ಅಷ್ಟು ಆಳಕ್ಕೆ ಉಣಿಸಲಾರರು. ಮನುಷ್ಯ ನಿರಪರಾಧಿ. ಇಷ್ಟು ದುಃಖ ತಂದ ಫಲಿತಾಂಶ ನನಗೆ ಹಿಂದೆಂದೂ ಬಂದದ್ದಿಲ್ಲ. ಹಾಗಾದರೆ ಆ ಸಿರಿತನ ನಾವು ಬರುವ ಮೊದಲಿನದೇ ಇರಬೇಕು.

ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ, ದಾರಿಯಾಚೆಯ ನೆಲದಲ್ಲಿ ಮೊದಲು ಏನಿತ್ತು ಎಂದು ಕೇಳಿದೆ.

“ತಬೇಲಾ,” ಎಂದರು ಅವರು ತಲೆಯೆತ್ತದೆ. ಎಮ್ಮೆ ಕಟ್ಟುವ ಕೊಟ್ಟಿಗೆ. ಕೇಂದ್ರಕ್ಕೆ ಜಾಗ ಬರುವ ಮೊದಲು ಅಲ್ಲಿ ಎಷ್ಟೋ ವರ್ಷ ಎಮ್ಮೆಗಳಿದ್ದವಂತೆ. “ಯಾಕೆ ಬೆನ್? ಯಾರೂ ಕೇಳಿರಲೇ ಇಲ್ಲ.”

ಯಾರೂ ಕೇಳದಿದ್ದುದು ನಿಜ. ಕೇಳಬೇಕಾದ ಇಬ್ಬರು ಎರಡೂ ಮಣ್ಣನ್ನು ಒಂದೇ ಬಕೆಟ್ಟಿಗೆ ಹಾಕಿ ಕಲಸುತ್ತ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು. ಎಮ್ಮೆಗಳ ಸಿರಿತನ, ನನ್ನ ನೆಲದ ಬಡತನ ಎರಡೂ ಸೇರಿ ‘ಮಧ್ಯಮ’ವಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಮುಖ್ಯಸ್ಥರು ರೈತರಿಗೆ ಹಂಚಲು ಸಿದ್ಧಪಡಿಸಿದ್ದ ಹಾಳೆಯನ್ನು ನನ್ನ ಮುಂದಿಟ್ಟರು. ಆ ವಾರದ ಕೊನೆಗೆ ಕ್ಷೇತ್ರೋತ್ಸವವಿತ್ತು, ವಡೋದರಾ, ಸೂರತ್ ಕಡೆಯ ಬೆಳೆಗಾರರೆಲ್ಲ ಬರುವವರಿದ್ದರು. ಲೆಟ್ಯೂಸಿಗೆ ಫಾಸ್ಫೇಟ್ ಬೇಕಿಲ್ಲ, ಗೊಬ್ಬರವೊಂದೇ ಸಾಕು ಎಂದು ಹಾಳೆಯಲ್ಲಿತ್ತು. ಆಚೆಯ ತಾಕನ್ನು ನೋಡಿದವರು ಯಾರಾದರೂ ಹಾಗೇ ಬರೆಯುತ್ತಿದ್ದರು. ಹಾಗಾದರೆ ನನ್ನ ತಾಕು?

“ನಿಮ್ಮ ಕಡೆ ಆರೈಕೆ ಸ್ವಲ್ಪ ಕಡಿಮೆಯಾಗಿದೆ, ಇರಲಿ,” ಎಂದು ಅವರು ಬಹಳ ಮೃದುವಾಗಿ ಹೇಳಿದರು. “ಆ ಸತ್ತಂತಿರುವ ಮಡಿಗಳನ್ನು ಕಿತ್ತುಹಾಕಿ. ಭಾಯಿಯ ಹತ್ತಿರ ಟ್ರೇಗಳಲ್ಲಿ ದೊಡ್ಡ ಗಿಡಗಳು ಉಳಿದಿವೆ, ಕೊಡ್ತೀನಿ ಅಂದಿದ್ದಾರೆ. ನೆಟ್ಟುಬಿಡಿ. ಜನ ಬರೋರಿದ್ದಾರೆ.”

ವಿಭಾಗ ಕೈಬಿಟ್ಟು ಹೋಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು. ಹೊರಗೆ ಬಂದು ನನ್ನ ಮಡಿಗಳ ಬದುವಿನ ಮೇಲೆ ಕುಳಿತೆ. ಆ ನೇರಳೆ ಅಂಚಿನ ಗಿಡಗಳನ್ನು ಅಷ್ಟು ದಿನಗಳ ಮೇಲೆ ಮೊದಲ ಸಲ ಸರಿಯಾಗಿ ನೋಡಿದೆ. ಬರಿ ಮಡಿ, ಫಾಸ್ಫೇಟ್ ಮಡಿ, ಗೊಬ್ಬರದ ಮಡಿ, ಎರಡೂ ಹಾಕಿದ ಮಡಿ. ಒಂದಕ್ಕಿಂತ ಒಂದು ಮೇಲೇರಿ ಹೋಗುವ ಮೆಟ್ಟಿಲಿನಂತಿದ್ದವು. ನಮ್ಮನ್ನು ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ಬೆಳೆದು ನಿಂತಿತ್ತು. ಆಚೆಯ ಚೆಂದದ ತಾಕಿನಲ್ಲಿ ಉತ್ತರವೇ ಇರಲಿಲ್ಲ. ಹೊಟ್ಟೆ ತುಂಬಿದವರಿಗೆ ಏನು ಬಡಿಸಿದರೂ ಒಂದೇ.

ಗಿಡ ಕಿತ್ತು ಬೇರೆ ನೆಟ್ಟರೆ ನನ್ನ ಮಾನ ಉಳಿಯುತ್ತಿತ್ತು. ಬಡ ನೆಲದ ರೈತರು ಮಾತ್ರ ಆ ಹಾಳೆ ನಂಬಿ ಕೆಡುತ್ತಿದ್ದರು. ತಬೇಲಾದ ವಿಷಯ ಎತ್ತಿದರೆ ತುಮಕೂರಿನವರ ಬೆಳೆ ಲೆಕ್ಕಕ್ಕೇ ಬರುವುದಿಲ್ಲ. ಎತ್ತುವುದೇ ಸರಿ, ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದುದು ಅದು ನನಗೆ ಇಷ್ಟೊಂದು ಖುಷಿ ಕೊಡುತ್ತಿರುವುದರಲ್ಲಿ. ಸರಿಯಾದ ಕೆಲಸಕ್ಕೂ ಹೊಟ್ಟೆಕಿಚ್ಚಿಗೂ ದಾರಿ ಒಂದೇ ಆದಾಗ ನಾನು ಯಾವುದರ ಹಿಂದೆ ನಡೆದಿದ್ದೇನೆಂದು ಹೇಗೆ ತಿಳಿಯುವುದು? ತುಂಬ ಹೊತ್ತು ಚಿಂತಿಸಿದೆ, ಚಿಂತೆ ನನ್ನ ನಿತ್ಯಕರ್ಮ. ಕೊನೆಗೆ, ಗಿಡ ಕೀಳುವುದಿಲ್ಲ, ಮುಖ್ಯಸ್ಥರಿಗೆ ಹೇಳುವ ಮೊದಲು ತುಮಕೂರಿನವರಿಗೇ ಹೇಳುತ್ತೇನೆ ಎಂದು ಎದ್ದೆ. ಮುಖ ನೋಡಿ ಹೇಳುವಷ್ಟಾದರೂ ನನಗೆ ಕಷ್ಟವಾಗಲಿ ಎಂದು.

ನಳಿಕೆಗಳ ಸ್ಟ್ಯಾಂಡನ್ನೇ ಹಿಡಿದುಕೊಂಡು ದಾರಿ ದಾಟಿದೆ. ಉತ್ತರಾಯಣದ ದಿನ ಅವರ ಮಡಿಯಿಂದ ಮಣ್ಣು ತೆಗೆದದ್ದನ್ನೂ ಹೇಳಿದೆ. ಅವರು ಸ್ಟ್ಯಾಂಡನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು.

“ತಬೇಲಾನಾ?”

“ಹೌದ್ರಿ. ಭಾಳ ವರ್ಷ ಇತ್ತಂತ.”

ಅವರು ಮೊದಲು ತಮ್ಮ ಮಡಿಗಳನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಮುಖ ಸಣ್ಣದಾಯಿತು. ಇಷ್ಟೇ ಬೇಕಿತ್ತು ನನಗೆ. ಆದರೆ ಅದು ಅಲ್ಲಿ ನಿಲ್ಲಲಿಲ್ಲ.

“ಅಯ್ಯೋ ಮೇಡಂ, ಇಷ್ಟು ದಿನ ಎಮ್ಮೆಗಳ ಪುಣ್ಯ ತಿನ್ಕೊಂಡು ನಾನು ಮೀಸೆ ತಿರುವ್ತಿದ್ನಾ!” ಎಂದು ಸೊಂಟ ಹಿಡಿದುಕೊಂಡು ನಕ್ಕರು. “ಅಲ್ಲಾ, ನನ್ ಬರಿ ಮಡಿ ನೋಡಿ ನಂಗೂ ಡೌಟ್ ಬಂದಿತ್ತು. ಕೇಳಿದ್ರೆ ನನ್ ಬೆಳೆಗೇ ಕಲ್ಲು ಬೀಳುತ್ತೆ ಅಂತ ಸುಮ್ನಿದ್ದೆ.”

“ನಾ ನೀವು ಕದ್ದು ಹಾಕ್ತೀರಿ ಅಂತ ತಿಳ್ಕೊಂಡಿದ್ನಿರಿ.”

“ಗೊತ್ತು ಬಿಡಿ. ನೀವು ನೋಡೋ ನೋಟಕ್ಕೇ ನನ್ ಗಿಡ ಬಾಡಿಲ್ಲವಲ್ಲ, ಅದೇ ಆಶ್ಚರ್ಯ!”

ಇಬ್ಬರೂ ಮುಖ್ಯಸ್ಥರ ಬಳಿ ಹೋದೆವು. ನಾನು ಹಿಂದಿಯಲ್ಲಿ ತಡವರಿಸುತ್ತ ಶುರು ಮಾಡಿದ್ದನ್ನು ಅವರು ಗುಜರಾತಿಯಲ್ಲಿ ಮುಗಿಸಿದರು, ಎಮ್ಮೆಗಳನ್ನೂ ಬಕೆಟ್ಟನ್ನೂ ಅಭಿನಯಿಸಿ, ಮುಖ್ಯಸ್ಥರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೆ. ‘ಬೆನ್ ಕಂಡುಹಿಡಿದದ್ದು’ ಎಂದು ನಡುನಡುವೆ ಹೇಳುತ್ತಲೂ ಇದ್ದರು. ನನ್ನ ಶೋಧವನ್ನು ನನಗಿಂತ ಎಷ್ಟು ಚೆನ್ನಾಗಿ ಹೇಳುತ್ತಾರಲ್ಲ ಎಂದು ನನಗೆ ಅಲ್ಲೂ ಉರಿಯಿತು.

ಹಂಚುವ ಹಾಳೆ ಬದಲಾಯಿತು. ಮೊದಲು ಮಣ್ಣು ಪರೀಕ್ಷಿಸಿ, ಹಳೆಯ ಕೊಟ್ಟಿಗೆಯ ನೆಲವನ್ನು ಬೇರೆಯಾಗಿಯೇ ಪರೀಕ್ಷಿಸಿ, ರಂಜಕ ಕಡಿಮೆಯಿದ್ದರೆ ಫಾಸ್ಫೇಟನ್ನು ಮಾಗಿದ ಗೊಬ್ಬರದಲ್ಲಿ ಕಲಸಿ ಬೇರಿನ ಕೆಳಗೆ ಕೊಡಿ ಎಂದಾಯಿತು. ಕ್ಷೇತ್ರೋತ್ಸವದ ದಿನ ಜನರನ್ನು ಮೊದಲು ಕರೆತಂದದ್ದು ನನ್ನ ಬರಿ ಮಡಿಗೆ.

“ಇಷ್ಟು ದೂರದಿಂದ ಕರೆಸಿ ಇದನ್ನ ತೋರಿಸ್ತೀರಾ ಬೆನ್?” ಸೂರತ್ ಕಡೆಯ ಬೆಳೆಗಾರ್ತಿಯೊಬ್ಬಳು ಹಿಂದಿಯಲ್ಲಿ ಕೇಳಿದಳು. ಅವಳನ್ನು ಮುಂದಿನ ಮಡಿಗೆ, ಅದರ ಮುಂದಿನದಕ್ಕೆ ನಡೆಸಿಕೊಂಡು ಹೋದೆ. ನಾಲ್ಕನೆಯದನ್ನು ನೋಡಿದವಳು ತಾನಾಗಿಯೇ ಹಿಂದಕ್ಕೆ ಬಂದು ಬರಿ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಎಲೆಯ ನೇರಳೆ ಅಂಚನ್ನು ಬೆರಳಿನಿಂದ ತಿರುವಿದಳು. “ನಮ್ಮ ಹೊಲದಲ್ಲೂ ಹೀಗೇ ಆಗುತ್ತೆ. ರೋಗ ಅಂದ್ಕೊಂಡು ಔಷಧಿ ಹೊಡೀತಿದ್ವಿ,” ಎಂದಳು. ಆಮೇಲೆ ಎಲ್ಲರೂ ದಾರಿ ದಾಟಿ, ತುಮಕೂರಿನವರ ಲೆಟ್ಯೂಸಿನ ನಡುವೆ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಮಡಿಗಳ ಜೊತೆ ಯಾರೂ ತೆಗೆಸಿಕೊಳ್ಳಲಿಲ್ಲ.

ಕೊಯ್ಲು ಮಾಡಿ ತೂಗಿದಾಗಲೂ ಕಣ್ಣು ಹೇಳಿದ್ದನ್ನೇ ತಕ್ಕಡಿ ಹೇಳಿತು. ವಿಭಾಗ ನನಗೇ ಬಂತು. ಮುಖ್ಯಸ್ಥರು ಆದೇಶ ಕೈಗಿಡುತ್ತ, ಇನ್ನು ಮುಂದೆ ವಿಭಾಗದ ಎಲ್ಲ ಗೊಬ್ಬರದ ಪ್ರಯೋಗಗಳೂ ನಿಮ್ಮ ಬದಿಯ ನೆಲದಲ್ಲೇ ಎಂದರು. ಅಲ್ಲಿ ಹಾಕಿದ್ದಕ್ಕೆ ಗಿಡ ಉತ್ತರ ಕೊಡುತ್ತದೆ, ಅಂಥ ಬಡ ನೆಲ ಕೇಂದ್ರದಲ್ಲಿ ಬೇರೆಲ್ಲೂ ಇಲ್ಲವಂತೆ. ತಬೇಲಾದ ನೆಲವನ್ನು ಏನು ಮಾಡುತ್ತೀರಿ ಎಂದೆ. ಬಂದವರಿಗೆ ತೋರಿಸಲು ಒಂದು ಚೆಂದದ ತೋಟ ಬೇಕಲ್ಲ, ಅದನ್ನು ಭಾಯಿ ನೋಡಿಕೊಳ್ಳುತ್ತಾರೆ ಎಂದರು.

ಅಂದು ಸಂಜೆ ನಾನು ಹೊರಡುವಾಗ ತುಮಕೂರಿನವರು ದಾರಿಗೆ ಅಡ್ಡ ಬಂದು, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಲೆಟ್ಯೂಸನ್ನು ನನ್ನ ಕೈಗಿಟ್ಟರು. “ಕಂಗ್ರಾಟ್ಸ್ ಮೇಡಂ. ದುರುಗುಟ್ಟಬೇಡಿ, ತಿನ್ನಿ.” ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡದಿತ್ತು ಅದು.

ಮನೆಗೆ ಬಂದು ಹೆಸರುಬೇಳೆ ನೆನೆಹಾಕಿ, ಅದನ್ನು ಹೆಚ್ಚಿ, ನಿಂಬೆಹಣ್ಣು ಹಿಂಡಿ ಕೋಸಂಬರಿ ಮಾಡಿದೆ. ಗಂಡ ಎರಡನೆಯ ಸಲ ಬಡಿಸಿಕೊಂಡರು. ಈ ಮನೆಯಲ್ಲಿ ಲೆಟ್ಯೂಸಿಗೆ ಅಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

“ಭಾಳ ಚಲೋ ಅದ ನೋಡು. ನಿನ್ನ ವಿಭಾಗದ್ದೇನು?”

“ಅಲ್ಲ,” ಎಂದೆ.

“ಹಂಗಾರ ಅವರದಾ?”

“ಅವರದೂ ಅಲ್ಲರಿ,” ಎಂದು ಪಾತ್ರೆಯಲ್ಲಿ ಉಳಿದದ್ದನ್ನೆಲ್ಲ ನನಗೇ ಬಳಿದು ಹಾಕಿಕೊಂಡೆ. “ಎಮ್ಮಿಗೋಳ್ದು.”